ಬನ್ನಕ್ಕನ ಕಾಳು

"ನೋಡಮ್ಮ, ಇದು ರಕ್ತದ ಹಾಗಿಲ್ಲ, ತಣ್ಣಗಾಗಿ ಕೊಬ್ಬು ಕಟ್ಟಿದ ಸೂಪಿನ ಹಾಗಿದೆ" ಎಂದು ಡಾಕ್ಟರಮ್ಮ ರಿಪೋರ್ಟನ್ನು ಮೇಜಿನ ಮೇಲಿಟ್ಟಾಗ ಬನ್ನಕ್ಕನಿಗೆ ಸಿಟ್ಟು ಬಂದದ್ದು ಡಾಕ್ಟರ ಮೇಲಲ್ಲ, ಪಕ್ಕದ ಕುರ್ಚಿಯಲ್ಲಿ ಕುಳಿತು ಹಲ್ಲು ಬಿಡುತ್ತಿದ್ದ ತಮ್ಮನ ಮೇಲೆ.

ತಮ್ಮ ಅವಳನ್ನು ಅಲ್ಲಿಗೆ ಕರೆತಂದದ್ದು ಅಕ್ಕರೆಯಿಂದೇನಲ್ಲ. ಹಿಂದಿನ ವಾರ ಒಲೆಯ ಮುಂದೆ ಅವಳು ತಲೆ ಸುತ್ತಿ, ಬಿಸಿ ಬನ್ನಿನ ಟ್ರೇ ಸಮೇತ ನೆಲಕ್ಕೆ ಕೂತುಬಿಟ್ಟಿದ್ದಳು. ಅದನ್ನು ನೋಡಿದ ತಮ್ಮನಿಗೆ ಕಳವಳಕ್ಕಿಂತ ಮೊದಲು ಒಂದು ದಾರಿ ಕಂಡಿತ್ತು.

ಬೇಕರಿ ಅಪ್ಪ ಬಿಟ್ಟುಹೋದದ್ದು. ಹಿಂದಿನ ಅರ್ಧ ಅಕ್ಕನ ರಾಜ್ಯ: ಇಟ್ಟಿಗೆಯ ದೊಡ್ಡ ಒಲೆ, ಹಿಟ್ಟು ನಾದುವ ತೊಟ್ಟಿ, ಗೋಡೆಗೆ ಒರಗಿಸಿದ ಕಪ್ಪು ಟ್ರೇಗಳು. ಮುಂದಿನ ಅರ್ಧ ತಮ್ಮನದು: ಗಾಜಿನ ಕಪಾಟು, ತಕ್ಕಡಿ, ಗಲ್ಲಾ. ಅದಕ್ಕೇ ಬೀದಿಯವರು ಅವಳನ್ನು ಬನ್ನಕ್ಕ ಎಂದೂ ಅವನನ್ನು ಗಲ್ಲಾ ಎಂದೂ ಕರೆಯುತ್ತಿದ್ದರು. ಮೈಕಟ್ಟಿನಲ್ಲಿ ಮಾತ್ರ ಇಬ್ಬರೂ ಒಂದೇ ಅಚ್ಚು. ನಡುವಿನ ಬಾಗಿಲಲ್ಲಿ ಎದುರುಬದುರಾದರೆ ಒಬ್ಬರು ಹಿಂದೆ ಸರಿಯಲೇಬೇಕು. ಯಾರು ಸರಿಯಬೇಕು ಎಂಬುದೇ ದಿನದ ಮೊದಲ ಜಗಳ.

ಗಲ್ಲಾನಿಗೆ ಆ ಒಲೆ ಕಣ್ಣಿಗೆ ಬಿದ್ದ ಕಸವಾಗಿತ್ತು. ಅದನ್ನು ಒಡೆಸಿ, ಆ ಜಾಗದಲ್ಲಿ ದೊಡ್ಡ ಫ್ರೀಜರ್ ಇಟ್ಟು, ಕಾರ್ಖಾನೆಯಿಂದ ವ್ಯಾನಿನಲ್ಲಿ ಬರುವ ಗಟ್ಟಿ ಬನ್ನುಗಳನ್ನು ಕರೆಂಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಾಡಿ ಮಾರಬೇಕೆಂಬುದು ಅವನ ಆಸೆ. ಒಲೆ ಹೋದರೆ ಬನ್ನಕ್ಕನಿಗೆ ಆ ಬೇಕರಿಯಲ್ಲಿ ನಿಲ್ಲಲು ಒಂದು ಗೇಣು ಜಾಗವೂ ಇರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ದಿನಾ ಏನೇನು ತಿಂತೀರಿ?" ಎಂದು ಡಾಕ್ಟರಮ್ಮ ಕೇಳಿದಳು.

"ಊಟ ಬಹಳ ಕಮ್ಮಿ ಡಾಕ್ಟ್ರೇ. ಸುಮ್ಮನೆ ರುಚಿ ನೋಡ್ತೀನಿ, ಅಷ್ಟೆ."

"ಏನನ್ನ?"

"ಬೆಂದದ್ದನ್ನೆಲ್ಲ" ಎಂದು ತಮ್ಮ ಬಾಯಿ ಹಾಕಿದ. "ಬನ್ನು ಬಂದ್ರೆ ಬನ್ನು, ಬೆಣ್ಣೆ ಬಿಸ್ಕತ್ತು ಬಂದ್ರೆ ಬೆಣ್ಣೆ ಬಿಸ್ಕತ್ತು. ಮುರಿದದ್ದು ಗಿರಾಕಿಗೆ ಕೊಡಬಾರದಂತೆ, ಅದಕ್ಕೆ ಇವಳೇ ಮುರೀತಾಳೆ."

"ನೀನು ಮುಂದೆ ಕೂತು ಮೇಯೋದನ್ನ ನಾನು ಹೇಳ್ಲಾ?"

"ಜಗಳ ಹೊರಗೆ" ಎಂದು ಡಾಕ್ಟರಮ್ಮ ಮೇಜು ತಟ್ಟಿದಳು. ಆಮೇಲೆ ಬನ್ನಕ್ಕನಿಗೆ ನಿಧಾನವಾಗಿ ಹೇಳಿದಳು: ಬೆಣ್ಣೆ ಬಿಸ್ಕತ್ತು ಮುಟ್ಟಬೇಡಿ. ಬಾಯಿ ಸುಮ್ಮನಿರದಿದ್ದರೆ ಕಾಳು ತಿನ್ನಿ. ಕಡಲೆಯೋ ಬೀನ್ಸ್ ಕಾಳೋ, ಯಾವುದಾದರೂ ಸರಿ. ನೆನೆಸಿ, ಬೇಯಿಸಿ, ಒಲೆಯಲ್ಲಿ ಗರಿಗರಿ ಮಾಡಿಟ್ಟುಕೊಳ್ಳಿ. ಕಾಳಿನ ನಾರು ಕೊಬ್ಬನ್ನು ಸ್ವಲ್ಪ ಎಳೆದುಕೊಂಡು ಹೋಗುತ್ತೆ. ಪವಾಡ ಏನಲ್ಲ, ಆದರೆ ಆಗುತ್ತೆ. ಮೂರು ತಿಂಗಳು ನೋಡೋಣ. ಇಳಿಯದಿದ್ದರೆ ಮಾತ್ರೆ ಶುರು, ಒಲೆ ಮುಂದೆ ನಿಲ್ಲೋದು ಬಂದ್.

"ಕೇಳಿಸ್ತಾ?" ಎಂದ ತಮ್ಮ, ಮೆಟ್ಟಿಲಿಳಿಯುವಾಗ. "ಒಲೆ ಬಂದ್ ಅಂತೆ."

"ಇಳಿಯದಿದ್ರೆ ಅಂದ್ಲು. ಕಿವಿಗೂ ಕೊಬ್ಬು ಬೆಳ್ದಿದೆಯಾ ನಿಂಗೆ?"

ಮನೆಗೆ ಬಂದದ್ದೇ ತಡ, ಗಲ್ಲಾ ವಿಷಯವನ್ನು ಅಮ್ಮನ ಮುಂದಿಟ್ಟ. ಅಮ್ಮ ಬೇಕರಿಯ ಮೇಲಿನ ಮನೆಯಲ್ಲಿ ಕಿಟಕಿಯ ಪಕ್ಕ ಕುಳಿತು ಇಡೀ ಬೀದಿಯನ್ನು ಬೈಯುತ್ತ ದಿನ ಕಳೆಯುವ ಹೆಂಗಸು. ಕಟ್ಟಡ ಅವಳದು. ಅವಳ ಮಾತೇ ಕೊನೆಯ ಮಾತು, ಸಾಮಾನ್ಯವಾಗಿ ಮೊದಲನೆಯದೂ ಅವಳದೇ.

"ನಾನು ಅವಳ ಒಳ್ಳೇದಕ್ಕೇ ಹೇಳ್ತಿರೋದಮ್ಮ" ಎಂದ ಗಲ್ಲಾ. "ಅಪ್ಪನೂ ಅದೇ ಒಲೆ ಮುಂದೆ ಎದೆ ಹಿಡ್ಕೊಂಡು ಬಿದ್ದಿದ್ದು. ಇವಳೂ ಹೋಗ್ಲಾ?"

"ನಿಂಗೆ ಫ್ರೀಜರ್ ಬೇಕು ಅನ್ನು. ನನ್ನ ಎದೆ ಯಾಕೆ ಎಳೀತೀಯಾ ಮಧ್ಯೆ?" ಎಂದು ಬನ್ನಕ್ಕ ಹಾರಿಬಿದ್ದಳು. "ಮೂರು ತಿಂಗಳು ಕೊಡು. ಕೊಬ್ಬು ಇಳೀದಿದ್ರೆ ಒಲೆಗೆ ಮೊದಲನೇ ಸುತ್ತಿಗೆ ಏಟು ನಾನೇ ಹಾಕ್ತೀನಿ."

"ಇಳಿದ್ರೆ?" ಎಂದಳು ಅಮ್ಮ, ಮಗನ ಕಡೆ ನೋಡಿ.

"ಇಳಿದ್ರೆ ಒಲೆ ವಿಷಯ ನಾನು ಎತ್ತಲ್ಲ. ಸಾಯೋವರೆಗೂ."

"ಯಾರು ಸಾಯೋವರೆಗೂ?" ಎಂದು ಬನ್ನಕ್ಕ ಕೇಳಿದಳು.

ಹೀಗೆ ಬನ್ನಕ್ಕನ ಕಾಳಿನ ಕಾರುಬಾರು ಶುರುವಾಯಿತು. ಸಂಜೆ ನೆನೆಹಾಕಿ, ಬೆಳಗ್ಗೆ ಬೇಯಿಸಿ, ಬಟ್ಟೆಯ ಮೇಲೆ ಹರಡಿ ಆರಿಸಿ, ಬನ್ನುಗಳೆಲ್ಲ ಹೊರಬಂದ ಮೇಲೆ ಒಲೆಯಲ್ಲಿ ಉಳಿದ ಕಾವಿಗೆ ಕಾಳಿನ ಟ್ರೇ ಒಳಗೆ ಹೋಗುತ್ತಿತ್ತು. ಉಪ್ಪು, ಮೆಣಸಿನ ಪುಡಿ ಬೆರೆಸಿ ಡಬ್ಬಕ್ಕೆ ತುಂಬಿದರೆ ಅದೇ ಅವಳ ದಿನದ ಬಾಯಾಡಿಕೆ. ಬಿಸ್ಕತ್ತಿನ ಟ್ರೇ ಹೊರಬಂದಾಗ ಕೈ ತಾನಾಗಿ ಅಂಚಿನ ಕಡೆಗೆ ಹೋಗುತ್ತಿತ್ತು. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಫಟ್ಟೆಂದು ಹೊಡೆದು ಕಾಳಿನ ಡಬ್ಬಕ್ಕೆ ತಿರುಗಿಸುತ್ತಿದ್ದಳು. ಹಿಟ್ಟು ನಾದುವ ಮುದುಕ ಅದನ್ನು ನೋಡಿ, "ನಿನ್ನ ಕೈಗೆ ನೀನೇ ಮೇಷ್ಟ್ರಾದ್ಯಲ್ಲ ತಾಯಿ" ಎಂದು ನಗುತ್ತಿದ್ದ.

ಗಲ್ಲಾ ನಗುತ್ತಿದ್ದ ರೀತಿ ಬೇರೆ. ನಡುವಿನ ಬಾಗಿಲಿಗೆ ಒರಗಿ ನಿಂತು, ಕೈಯಲ್ಲಿ ಒಂದು ಕ್ರೀಮ್ ಬನ್ನು ಹಿಡಿದು, ಬೇಕೆಂದೇ ನಿಧಾನವಾಗಿ ಕಚ್ಚುತ್ತಿದ್ದ.

"ಏನಕ್ಕ, ಕುದುರೆಗೆ ಹಾಕೋದನ್ನ ನೀನು ತಿಂತಿದೀಯಂತೆ?"

"ಕುದುರೆ ಓಡುತ್ತೆ ಕಣೋ. ನೀನು ಗಲ್ಲಾದಿಂದ ಎದ್ದು ನಿಂತದ್ದನ್ನ ಬೀದಿಯವರು ನೋಡಿದಾರಾ?"

"ಗಿರಾಕಿಗಳು ಕೇಳ್ತಿದಾರೆ, ಒಳಗಡೆ ಅದೇನು ಸದ್ದು ಅಂತ. ಒಲೆ ಸಿಡೀತಿದೆ ಅಂತ ಹೇಳಿದೀನಿ."

ಹಿಟ್ಟಿನ ಮುದುಕ ತೊಟ್ಟಿಯೊಳಗೆ ತಲೆ ಹಾಕಿ ನಗು ನುಂಗಿದ. ಕಾಳು ತಿಂದ ಹೊಟ್ಟೆ ಮೊದಮೊದಲು ಮಾತಾಡುವುದು ನಿಜವೇ. ಬನ್ನಕ್ಕ ಕೆಂಪಾಗಿ, ಕೈಗೆ ಸಿಕ್ಕ ಒದ್ದೆ ಬಟ್ಟೆಯನ್ನು ತಮ್ಮನ ಮುಖಕ್ಕೆ ಎಸೆದಳು. ಅದು ಕ್ರೀಮ್ ಬನ್ನಿಗೆ ತಾಗಿ ಬನ್ನು ನೆಲಕ್ಕೆ ಬಿತ್ತು. ಆ ವಾರವಿಡೀ ಅವಳಿಗೆ ಸಿಕ್ಕ ಸಂತೋಷ ಅದೊಂದೇ.

ಆದರೆ ಕಾಳು ರುಚಿಯಾಗಿತ್ತು, ಅದನ್ನು ಒಪ್ಪಬೇಕು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ನಾಲಿಗೆ ಮೇಲೆ ಇಟ್ಟರೆ ಘಮ್ಮೆನ್ನುವ ಪರಿಮಳ. 'ಇಷ್ಟು ದಿನ ಯಾಕೆ ತಿನ್ನಲಿಲ್ಲ' ಎಂದು ಅವಳಿಗೇ ಆಶ್ಚರ್ಯ. ಊಟಕ್ಕೆ ಮುಂಚೆ ಒಂದು ಹಿಡಿ, ಊಟವಾದ ಮೇಲೆ ಒಂದು ಹಿಡಿ, ತಮ್ಮನ ಮೇಲೆ ಸಿಟ್ಟು ಬಂದಾಗ ಎರಡು ಹಿಡಿ.

ಮೂರು ತಿಂಗಳಾದ ಮೇಲೆ ರಕ್ತ ಕೊಟ್ಟು ಬಂದಳು. ಹೊಸ ಸೀರೆ ಉಟ್ಟುಕೊಂಡು ಹೋಗಿ ರಿಪೋರ್ಟು ತಂದಳು. ಇಳಿದಿರಲಿಲ್ಲ. ಕೂದಲೆಳೆಯಷ್ಟು ಏರಿತ್ತು.

ಡಾಕ್ಟರಮ್ಮ, "ಬಿಸ್ಕತ್ತು ಬಿಟ್ಟಿದೀರಿ ತಾನೇ? ಸುಳ್ಳು ಹೇಳಬೇಡಿ" ಎಂದಿದ್ದಳು. ಸುಳ್ಳು! ಬಿಸ್ಕತ್ತಿನ ವಾಸನೆಗೆ ಮೂಗು ಮುಚ್ಚಿಕೊಂಡು ದಿನ ದೂಡಿದವಳಿಗೆ ಆ ಮಾತು ಬೆಂಕಿ ಹಚ್ಚಿತು. ದಾರಿಯುದ್ದಕ್ಕೂ ಯೋಚಿಸಿದಳು. ತಿಂದದ್ದು ಕಾಳು. ಕಾಳಿಗೆ ಹಾಕಿದ್ದು ಉಪ್ಪು, ಮೆಣಸು. ಹಾಗಾದರೆ ಡಬ್ಬಕ್ಕೆ ಬೇರೆ ಯಾರೋ ಏನೋ ಹಾಕಿದ್ದಾರೆ. ಒಲೆ ಬೀಳಲಿ ಎಂದು ಕಾಯುತ್ತಿರುವ ಪುಣ್ಯಾತ್ಮ ಯಾರು ಎಂದು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಗಿರಾಕಿಗಳಿದ್ದರು. ಅವಳು ಲೆಕ್ಕಿಸಲಿಲ್ಲ. ಗಾಜಿನ ಕಪಾಟಿನ ಮೇಲೆ ರಿಪೋರ್ಟನ್ನು ಬಡಿದಳು.

"ಏನು ಹಾಕ್ತಿದ್ದೆ ನನ್ನ ಡಬ್ಬಕ್ಕೆ?"

ಗಲ್ಲಾ ರಿಪೋರ್ಟು ಓದಿದ. ಅವನ ಮುಖ ಅರಳಿದ್ದು ಎಲ್ಲರಿಗೂ ಕಂಡಿತು. "ಸುತ್ತಿಗೆ ನಮ್ಮಲ್ಲೇ ಇದೆಯಾ, ಇಲ್ಲ ತರಿಸ್ಲಾ?"

"ಬೆಣ್ಣೆ ಕರಗಿಸಿ ಹಾಕ್ತಿದ್ಯಾ? ಬಾಯಿ ಬಿಡು! ಒಡಹುಟ್ಟಿದವಳ ಹೊಟ್ಟೆಗೆ ವಿಷ ಹಾಕೋಕೂ ಹೇಸಲ್ವಲ್ಲೋ ನೀನು!"

ಕೂಗು ಮೇಲಿನ ಕಿಟಕಿಗೆ ಮುಟ್ಟಿತು. ಅಮ್ಮ ಒಂದೊಂದೇ ಮೆಟ್ಟಿಲಿಗೆ ಒಂದೊಂದು ಬೈಗುಳ ಬಿಡುತ್ತ ಕೆಳಗಿಳಿದು ಬಂದಳು. ಗಿರಾಕಿಗಳು ಕೊಂಡದ್ದನ್ನು ಚೀಲಕ್ಕೆ ಹಾಕಿಕೊಂಡರೇ ಹೊರತು ಹೊರಗೆ ಹೋಗಲಿಲ್ಲ.

"ನಿನ್ನ ಡಬ್ಬ ನಾನು ಮುಟ್ಟಿಲ್ಲ" ಎಂದ ಗಲ್ಲಾ, ತಣ್ಣಗೆ. "ಬಾ ಒಳಗೆ. ಅಮ್ಮ, ನೀನೂ ಬಾ. ಅಕ್ಕ, ದಿನಾ ಮಾಡೋ ಹಾಗೆ ಕಾಳು ಒಲೆಗಿಡು. ಒಂದು ಚೂರೂ ಬದಲಾಯಿಸಬೇಡ."

"ಇಡ್ತೀನಿ. ನೋಡ್ಕೋ ಕಣ್ಣು ಬಿಟ್ಟು."

ಬಟ್ಟೆಯ ಮೇಲೆ ಆರಿದ ಕಾಳಿತ್ತು. ಬನ್ನಕ್ಕ ಗೋಡೆಯಿಂದ ಟ್ರೇ ತೆಗೆದು ಕಟ್ಟೆಯ ಮೇಲಿಟ್ಟಳು. ತಮ್ಮನ ಮುಖವನ್ನೇ ನೋಡುತ್ತ, "ನೋಡಿಲ್ಲಿ, ಕಾಳು. ಉಪ್ಪು. ಮೆಣಸು. ಇನ್ನೇನಿದೆ ಇಲ್ಲಿ? ಹೇಳು, ಇನ್ನೇನಿದೆ?" ಎಂದಳು.

"ನಿನ್ನ ಬಲಗೈ ನೋಡ್ಕೋ" ಎಂದ ಗಲ್ಲಾ.

ನೋಡಿದಳು. ಬಲಗೈಯಲ್ಲಿ ಬ್ರಷ್ ಇತ್ತು. ಒಲೆಯ ಪಕ್ಕ ಸದಾ ಕರಗಿಯೇ ಇರುವ ಬೆಣ್ಣೆಯ ಪಾತ್ರೆಯಿಂದ ಅದು ಆಗಲೇ ಎದ್ದು ಬಂದು, ಟ್ರೇಯ ಉದ್ದಕ್ಕೂ ಅಗಲಕ್ಕೂ ಎರಡು ಸಲ ಓಡಾಡಿ ಮುಗಿಸಿತ್ತು. ಟ್ರೇ ಕನ್ನಡಿಯಂತೆ ಹೊಳೆಯುತ್ತಿತ್ತು.

ಟ್ರೇ ಎಂದರೆ ಬೆಣ್ಣೆ ಬಳಿಯುವುದು. ಅಪ್ಪ ಅವಳಿಗೆ ಒಲೆಯ ಕೆಲಸ ಕಲಿಸುವಾಗ ಮೊದಲು ಕೈಗೆ ಕೊಟ್ಟದ್ದೇ ಬ್ರಷ್. ಬಳಿಯದೆ ಒಳಗಿಟ್ಟರೆ ಬನ್ನು ಕಚ್ಚಿಕೊಳ್ಳುತ್ತದೆ, ಬೆನ್ನ ಮೇಲೆ ಏಟು ಬೀಳುತ್ತದೆ. ಇಷ್ಟು ವರ್ಷಗಳಲ್ಲಿ ಆ ಕೆಲಸ ಕೈಗೆ ಇಳಿದು ತಲೆಯಿಂದ ಹೊರಟುಹೋಗಿತ್ತು. ಉಸಿರಾಡಿದ್ದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ? ಬೇಕರಿಯ ಬ್ರಷ್ ಜಿಪುಣತನ ಅರಿಯದು, ಒಣಗಿದ ಕಾಳು ಸಿಕ್ಕಿದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಘಮ್ಮೆನ್ನುವ ಆ ಪರಿಮಳ ಯಾವುದರದ್ದೆಂದು ಈಗ ಅವಳ ಮೂಗಿಗೂ ತಿಳಿಯಿತು.

ಹಿಟ್ಟಿನ ಮುದುಕ ತಲೆಗೆ ಕೈ ಹಚ್ಚಿಕೊಂಡ. "ಅಯ್ಯೋ! ದಿನಾ ಪಕ್ಕದಲ್ಲೇ ನಿಂತಿದ್ನಲ್ಲ ತಾಯಿ. ನನ್ನ ಕಣ್ಣಿಗೂ ಬೀಳಲಿಲ್ಲ." ಅದು ನಿಜವೇ. ಅವನೂ ಟ್ರೇ ಕಂಡರೆ ಬ್ರಷ್ ಹಿಡಿಯುವ ಜಾತಿಯವನು. ಅದನ್ನು ಕಾಣಲು ಒಲೆಯ ಕೆಲಸ ಗೊತ್ತಿಲ್ಲದವನೇ ಬೇಕಾಗಿತ್ತು.

"ನೀನು ಯಾವಾಗ ನೋಡಿದೆ?" ಎಂದು ಅಮ್ಮ ಮಗನನ್ನು ಕೇಳಿದಳು.

"ಮೊದಲನೇ ದಿನಾನೇ."

"ಹೇಳಲಿಲ್ಲ ಯಾಕೆ?"

"ಅವಳು ಕೇಳಲಿಲ್ಲ. ನಾನೇನು ಹಾಕಿದ್ನಾ? ಅವಳ ಬ್ರಷ್, ಅವಳ ಕೈ, ಅವಳ ಹೊಟ್ಟೆ."

ಬನ್ನಕ್ಕ ಬ್ರಷ್ಷನ್ನು ಕೆಳಗಿಟ್ಟಳು. ಅವಳು ಕೂಗುತ್ತಾಳೆಂದು ಎಲ್ಲರೂ ಕಾದರು. ಕೂಗಲಿಲ್ಲ. ಡಬ್ಬಕ್ಕೆ ಕಳ್ಳತನದಿಂದ ಬೆಣ್ಣೆ ಸುರಿದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಅದಕ್ಕೆ ಕೊನೇಪಕ್ಷ ಮೈ ಬಗ್ಗಿಸಬೇಕು, ಹೆದರಬೇಕು. ಇವನು ಬಾಗಿಲಿಗೆ ಒರಗಿ, ಕ್ರೀಮ್ ಬನ್ನು ತಿನ್ನುತ್ತ, ಅವಳು ತನ್ನ ಎದೆಗೆ ತಾನೇ ಬೆಣ್ಣೆ ಬಳಿದುಕೊಳ್ಳುವುದನ್ನು ದಿನವೂ ನೋಡಿದ್ದ. ಅಪ್ಪ ಬಿದ್ದಾಗ ಇಬ್ಬರೂ ಸೇರಿಯೇ ಎತ್ತಿದ್ದರು. ಅದೂ ಇವನಿಗೆ ನೆನಪಿತ್ತು. ಅಮ್ಮನ ಮುಂದೆ ಬಾಯಲ್ಲಿ ಆಡಿಯೂ ತೋರಿಸಿದ್ದ.

"ಒಲೆ ಒಡೀಲಿ ಬಿಡಮ್ಮ" ಎಂದಳು ಕೊನೆಗೆ. "ಮಾತು ಮಾತೇ."

"ಮುಚ್ಚು ಬಾಯಿ" ಎಂದಳು ಅಮ್ಮ. "ಬೆಣ್ಣೆ ತಿಂದು ಕೊಟ್ಟ ರಕ್ತ ಲೆಕ್ಕಕ್ಕಿಲ್ಲ. ಇನ್ನೂ ಮೂರು ತಿಂಗಳು, ಡಾಕ್ಟರಮ್ಮನಿಗೆ ನಾನು ಹೇಳ್ತೀನಿ. ಬೋಳು ಟ್ರೇ, ಬೋಳು ಕಾಳು." ಆಮೇಲೆ ಮಗನತ್ತ ತಿರುಗಿದಳು. "ಲೋ ಗೂಬೆ, ಮುಂದಿನ ಸಲ ನೀನೂ ತೋಳು ಚಾಚು. ನೋಡಿ ಸುಮ್ಮನಿರೋ ಮೈಯಲ್ಲಿ ಎಂಥ ರಕ್ತ ಹರೀತಿದೆ ಅಂತ ನಂಗೂ ತಿಳೀಲಿ."

"ನಾನ್ಯಾಕೆ? ನಂಗೇನಾಗಿದೆ?"

"ಕನ್ನಡಿ ಮೇಲಿನ ಮನೇಲಿದೆ. ಹೋಗಿ ನೋಡ್ಕೋ. ಪೂರ್ತಿ ಹಿಡಿಸದಿದ್ರೆ ಅರ್ಧರ್ಧ ನೋಡು."

ಆ ಮೂರು ತಿಂಗಳು ಅಕ್ಕ ತಮ್ಮನೊಡನೆ ಒಂದು ಮಾತೂ ಆಡಲಿಲ್ಲ. ಮೊದಲಿನ ಜಗಳಕ್ಕೆ ಬಾಯಿ ಇತ್ತು, ಇದಕ್ಕೆ ಇರಲಿಲ್ಲ. ನಡುವಿನ ಬಾಗಿಲಲ್ಲಿ ಎದುರಾದರೆ ಅವಳು ಸರಿಯಲೂ ಇಲ್ಲ, ದಾರಿ ಬಿಡೆಂದು ಹೇಳಲೂ ಇಲ್ಲ. ಸುಮ್ಮನೆ ನಿಂತುಬಿಡುತ್ತಿದ್ದಳು, ಅವನು ಹಿಂದೆ ಹೋಗುವವರೆಗೆ. ಬನ್ನಿನ ಟ್ರೇಗಳನ್ನು ಬಾಗಿಲ ಬಳಿ ನೆಲದ ಮೇಲಿಟ್ಟು ಬೆನ್ನು ತಿರುಗಿಸುತ್ತಿದ್ದಳು. "ಅಕ್ಕ, ಇವತ್ತು ಬಿಸ್ಕತ್ತು ಕಮ್ಮಿ ಬಂತು" ಎಂದು ಅವನು ಕೇಳಿದರೆ ಹಿಟ್ಟಿನ ಮುದುಕನಿಗೆ, "ಹೊರಗೆ ಯಾವುದೋ ನಾಯಿ ಬೊಗಳ್ತಿದೆ, ನೋಡಿ" ಎನ್ನುತ್ತಿದ್ದಳು.

ಬೋಳು ಟ್ರೇಯಲ್ಲಿ ಕಾಳು ಮೊದಲು ಕಚ್ಚಿಕೊಂಡಿತು, ಸೀದಿತು, ಕಲ್ಲಿನಂತಾಯಿತು. ಬನ್ನಕ್ಕನ ಒಂದು ಹಲ್ಲಿನ ಮೂಲೆ ಅದರಲ್ಲೇ ಹೋಯಿತು. ಕೈಯಂತೂ ಬ್ರಷ್ಷಿನ ಕಡೆಗೆ ಎಳೆಯುತ್ತಲೇ ಇತ್ತು. ಕಾಳು ಒಳಗಿಡುವ ಹೊತ್ತಿಗೆ ಅವಳು ಬೆಣ್ಣೆಯ ಪಾತ್ರೆಯನ್ನೇ ಎತ್ತಿ ಮುದುಕನ ತೊಡೆಯ ಮೇಲಿಟ್ಟು, "ನಾನು ಕೇಳಿದ್ರೂ ಕೊಡಬೇಡಿ" ಎನ್ನುತ್ತಿದ್ದಳು. ಆಗಾಗ ಟ್ರೇ ಅಲುಗಿಸಿ, ಕಾವು ಇನ್ನಷ್ಟು ಇಳಿದ ಮೇಲೆ ಇಟ್ಟು, ಹೇಗೋ ಹದ ಹಿಡಿದಳು. ರುಚಿ ಮೊದಲಿನ ಅರ್ಧವೂ ಇರಲಿಲ್ಲ. ಅಗಿದಳು. ಅಗಿಯುವಾಗ ತಮ್ಮನ ಮುಖ ನೆನೆದುಕೊಂಡರೆ ದವಡೆಗೆ ಬಲ ಬರುತ್ತಿತ್ತು.

ರಿಪೋರ್ಟು ಬಂತು. ಅಕ್ಕನದು ಇಳಿದಿತ್ತು. ಡೊಳ್ಳು ಬಾರಿಸುವಷ್ಟೇನಲ್ಲ, ಆದರೆ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, "ಇದು ಸರಿ. ಹೀಗೇ ಹೋಗ್ಲಿ. ಒಲೆ ಕೆಲಸ ಮಾಡಿ, ಮಧ್ಯೆ ಮಧ್ಯೆ ಕೂತ್ಕೊಳ್ಳಿ" ಎಂದಳು. ಬನ್ನಕ್ಕನಿಗೆ ಅಲ್ಲೇ ಎದ್ದು ಕುಣಿಯಬೇಕೆನಿಸಿತು. ಕುರ್ಚಿ ಗಟ್ಟಿಯಿರಲಿಲ್ಲ, ಬಿಟ್ಟಳು.

ತಮ್ಮನ ರಿಪೋರ್ಟು ನೋಡಿ ಡಾಕ್ಟರಮ್ಮ ಕನ್ನಡಕವನ್ನೇ ತೆಗೆದಳು. "ನಿಮ್ಮದಕ್ಕೆ ಹೋಲಿಸಿದರೆ ಅಕ್ಕನದು ಯಾವಾಗಲೂ ನೀರೇ" ಎಂದಳು. ಅವನಿಗೆ ಮಾತ್ರೆ ಅವತ್ತೇ ಶುರುವಾಯಿತು. ಜೊತೆಗೆ ಅದೇ ಮಾತು: ಕ್ರೀಮ್ ಬನ್ನು ಬಂದ್, ಬಾಯಾಡಿಸಲು ಕಾಳು.

"ಅಕ್ಕನ ಹತ್ರ ಕೇಳು" ಎಂದಳು ಅಮ್ಮ. "ಕೇಳದಿದ್ರೆ ಗಲ್ಲಾದ ಬೀಗದ ಕೈ ನನ್ನ ಸೊಂಟಕ್ಕೆ ಬರುತ್ತೆ."

ಮರುದಿನ ಬನ್ನುಗಳೆಲ್ಲ ಹೊರಬಂದ ಮೇಲೆ ಗಲ್ಲಾ ನಡುವಿನ ಬಾಗಿಲು ದಾಟಿ ಒಳಗೆ ಬಂದ. ಕೈಯಲ್ಲಿ ಏನೂ ಇರಲಿಲ್ಲ, ಅದರಿಂದಾಗಿಯೇ ಅವನು ಯಾರೋ ಬೇರೆಯವನ ಹಾಗೆ ಕಂಡ.

"ಸ್ವಲ್ಪ ಕಾಳು ಕೊಡು."

ಬನ್ನಕ್ಕ ಅಷ್ಟು ದಿನಗಳ ನಂತರ ಬಾಯಿ ತೆರೆದಳು. "ನಾನು ಮಾಡಿದ್ದನ್ನ ತಿಂತೀಯಾ? ಏನು ಹಾಕಿದೀನೋ ಏನೋ."

ಅವನು ಕಾಳಿನ ಡಬ್ಬದ ಕಡೆ ಕಣ್ಣು ಹಾಯಿಸಿದ.

"ಅಲ್ಲಿ ಕಾಳಿದೆ, ಇಲ್ಲಿ ಟ್ರೇ ಇದೆ, ಒಲೆ ಇನ್ನೂ ಬಿಸಿಯಿದೆ. ನೀನು ಒಡೀಬೇಕು ಅಂತಿದ್ದ ಒಲೆ. ನೀನೇ ಮಾಡ್ಕೋ."

ಹಾಗೆಂದವಳೇ ಹೋಗಿ ನಡುವಿನ ಬಾಗಿಲಿಗೆ ಒರಗಿ ನಿಂತಳು, ಅವನು ನಿಲ್ಲುತ್ತಿದ್ದ ಜಾಗದಲ್ಲೇ. ಬೆಣ್ಣೆಯ ಪಾತ್ರೆಯನ್ನು ಅವತ್ತು ಮುದುಕನ ತೊಡೆಗೆ ಕೊಟ್ಟಿರಲಿಲ್ಲ. ಒಲೆಯ ಪಕ್ಕದಲ್ಲೇ ಬಿಟ್ಟಿದ್ದಳು, ಬ್ರಷ್ ಸಮೇತ, ಕೈಗೆ ಸಿಗುವಂತೆ. ಅವನು ಬಳಿಯಲಿ. ತಾನು ನೋಡುತ್ತ ನಿಲ್ಲುತ್ತೇನೆ. ನಾಳೆಯೂ ಬಳಿಯಲಿ, ನಾಡಿದ್ದೂ ಬಳಿಯಲಿ. ಕೇಳಿದರೆ, 'ನಿನ್ನ ಕೈ, ನಿನ್ನ ಹೊಟ್ಟೆ' ಎನ್ನಬೇಕು. ಆ ಮಾತನ್ನು ಅವಳು ತುದಿ ನಾಲಿಗೆಯಲ್ಲಿ ಸಿದ್ಧ ಇಟ್ಟುಕೊಂಡಿದ್ದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

ಗಲ್ಲಾ ಟ್ರೇ ತೆಗೆದ. ತಲೆಕೆಳಗಾಗಿಟ್ಟ, ಆಮೇಲೆ ಸರಿ ಮಾಡಿದ. ಕಾಳು ಸುರಿದ, ಬೆರಳಿನಿಂದ ಹರಡಿದ. ಉಪ್ಪು ಎಲ್ಲಿದೆಯೆಂದು ಹುಡುಕಿದ. ಬೆಣ್ಣೆಯ ಪಾತ್ರೆ ಅವನ ಮೊಣಕೈಗೆ ತಾಗುತ್ತಿತ್ತು, ಅದನ್ನು ಅಡ್ಡವೆಂದು ಆಚೆಗೆ ಸರಿಸಿದ. ಅಷ್ಟೆ. ಬಳಿಯಬೇಕೆಂದು ಅವನ ಕೈಗೆ ತೋಚಲೇ ಇಲ್ಲ. ಒಂದು ದಿನವಾದರೂ ಒಲೆಯ ಮುಂದೆ ದುಡಿದ ಕೈಯಾಗಿದ್ದರೆ ತಾನೇ ತೋಚುವುದು!

ಬನ್ನಕ್ಕನಿಗೆ ಅಳು ಬರುವಷ್ಟು ಸಿಟ್ಟು ಬಂತು. ಸೋಮಾರಿತನವೂ ಇವನನ್ನೇ ಕಾಯುತ್ತದಲ್ಲ! ಹಿಟ್ಟಿನ ಮುದುಕ ಎಲ್ಲ ಅರ್ಥವಾದವನಂತೆ ತೊಟ್ಟಿಯ ಅಂಚನ್ನು ವಿನಾಕಾರಣ ಒರೆಸುತ್ತಿದ್ದ.

ಕಾಳು ಒಳಗೆ ಹೋಯಿತು. ಅಕ್ಕ ತಮ್ಮ ಇಬ್ಬರೂ ಮುಖ ತಿರುಗಿಸಿ ನಿಂತು ಕಾದರು. ಘಮ ಬಂದಾಗ ಗಲ್ಲಾ ಒಲೆಯ ಬಾಯಿ ತೆರೆದು, ಬಗ್ಗಿ ಒಳಗೆ ನೋಡಿದ. ಆಮೇಲೆ ಕಪಾಟಿನಿಂದ ಬಿಸ್ಕತ್ತು ತೆಗೆಯುವವನ ಹಾಗೆ, ನಿರಾಳವಾಗಿ, ಬರಿಗೈಯನ್ನು ಟ್ರೇಯ ಅಂಚಿಗೆ ಚಾಚಿದ.

"ಬಟ್ಟೆ! ಬಟ್ಟೆ ಹಿಡ್ಕೊಳೋ ಕತ್ತೆ!"

ಕೂಗಿದ್ದು ತಾನೇ ಎಂದು ಬನ್ನಕ್ಕನಿಗೆ ತಿಳಿದದ್ದು ಕೂಗಿ ಆದ ಮೇಲೆ. ಗಲ್ಲಾನ ಕೈ ಟ್ರೇಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಂತಿತ್ತು. ಅವನು ಕೈಯನ್ನು ಹಿಂದೆಗೆದು ಎದೆಗೆ ಅವಚಿಕೊಂಡ. ಒಲೆಯ ಕೆಂಪು ಬೆಳಕಲ್ಲೂ ಅವನ ಮುಖ ಬಿಳುಚಿಕೊಂಡದ್ದು ಕಾಣುತ್ತಿತ್ತು.

"ಹೇಳ್ಬಿಟ್ಯಲ್ಲ" ಎಂದ, ಮೆಲ್ಲಗೆ.

"ಬಾಯಿ ತಪ್ಪಿ ಬಂತು" ಎಂದಳು ಬನ್ನಕ್ಕ. ಸೊಂಟಕ್ಕೆ ಸಿಕ್ಕಿಸಿದ್ದ ದಪ್ಪ ಬಟ್ಟೆಯನ್ನು ಎಳೆದು, ಟ್ರೇಯನ್ನು ತಾನೇ ಹೊರತೆಗೆದು, ಕಟ್ಟೆಯ ಮೇಲೆ ಧಡ್ಡೆಂದು ಕುಕ್ಕಿದಳು. ಒಂದಷ್ಟು ಕಾಳು ನೆಲಕ್ಕೆ ಹಾರಿತು. "ಆರಿದ ಮೇಲೆ ತುಂಬ್ಕೊಂಡು ಹೋಗು. ನಾಳೆಯಿಂದ ಬಟ್ಟೆ ನೀನೇ ತಗೊಂಡು ಬಾ, ನಂದು ಮುಟ್ಟಬೇಡ."

"ನಾಳೆನೂ ಬರ್ಲಾ?"

"ದಾರಿ ಬಿಡು" ಎಂದಳು. ಅವನು ಸರಿದ.